ಯಾರೂ ಕರೆಯದ ಹೆಸರು

ನಮ್ಮವ್ವನಿಗೂ ಒಂದು ಹೆಸರಿದೆ ಎನ್ನುವುದು ನನಗೆ ಸರಿಯಾಗಿ ತಟ್ಟಿದ್ದು ಅವಳು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮಲಗಿದ್ದಾಗ. ಗೊತ್ತಿರಲಿಲ್ಲ ಅಂತಲ್ಲ. ರೇಷನ್ ಕಾರ್ಡಿನಲ್ಲಿತ್ತು, ನನ್ನ ಶಾಲೆಯ ದಾಖಲೆಯಲ್ಲಿತ್ತು. ಆದರೆ ಯಾರ ಬಾಯಿಂದಲೂ ಬಂದದ್ದನ್ನು ಕೇಳಿರಲಿಲ್ಲ. ನಮಗೆ ಅವಳು ಅವ್ವ. ಓಣಿಯವರೆಲ್ಲ ನನ್ನ ಹೆಸರು ಹಿಡಿದು ‘ಇಂಥಾಕಿ ಅವ್ವ’ ಅನ್ನುತ್ತಿದ್ದರು. ಅಪ್ಪನಿಗೆ ಅವಳು ‘ಏ’. ಒಳಗೆ ಅಡುಗೆಮನೆಯಲ್ಲಿದ್ದರೆ ‘ಏ, ಕೇಳಿಲ್ಲಿ’. ಹಿತ್ತಲಲ್ಲಿ ಎಮ್ಮೆಯ ಹತ್ತಿರ ಇದ್ದರೆ ಅಷ್ಟು ದೂರ ‘ಏ’ ಮುಟ್ಟುವುದಿಲ್ಲ ನೋಡಿ, ಆಗ ನನ್ನನ್ನು ಕರೆದು, “ನಿಮ್ಮವ್ವಗ ಬಾ ಅಂತ ಹೇಳು” ಅನ್ನುತ್ತಿದ್ದ. ಒಟ್ಟು ಸಂಸಾರ ಹೀಗೇ ನಡೆದುಹೋಗಿತ್ತು.

ಆಸ್ಪತ್ರೆಯಲ್ಲಿ ಒಬ್ಬ ನರ್ಸಮ್ಮ ಇದ್ದಳು. ಕೇರಳದವಳೋ ಏನೋ, ಕನ್ನಡ ಅಷ್ಟಕ್ಕಷ್ಟೆ. ಬೆಳಿಗ್ಗೆ ವಾರ್ಡಿನ ಬಾಗಿಲಲ್ಲಿ ನಿಂತು ಅವ್ವನ ಪೂರ್ತಿ ಹೆಸರನ್ನು, ಒಂದಕ್ಷರ ಬಿಡದೆ, ಸಂತೆಯಲ್ಲಿ ಕೂಗುವವರ ಹಾಗೆ ಕೂಗುತ್ತಿದ್ದಳು. ಹೊರಗೆ ಮೆಟ್ಟಿಲ ಮೇಲೆ ಕುಳಿತ ಅಪ್ಪ ಪ್ರತಿಸಲವೂ ಕತ್ತೆತ್ತಿ ನೋಡುತ್ತಿದ್ದ. ಒಂದು ದಿನ ನನಗೆ ಹೇಳಿದ, “ಎಷ್ಟ ಚಂದ ಕರೀತಾಳಲ್ಲ ಆಕಿ.” ನಾನು ಔಷಧಿ ಚೀಟಿ ಹಿಡಿದು ಓಡಾಡುವ ಗಡಿಬಿಡಿಯಲ್ಲಿದ್ದೆ. “ಹೂಂ” ಅಂದು ಹೋದೆ. ಆ ವಾರವೇ ಅವ್ವ ಹೋದಳು.

ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ನಮ್ಮ ಕಡೆಯವರಿಗೆಲ್ಲ ಇದು ಯಾರ ಮನೆಯ ಸುದ್ದಿ ಅಂತ ತಿಳಿಯುತ್ತದೆ. ಅಲ್ಲದೆ ನನ್ನ ತಮ್ಮನ ಹೆಂಡತಿ ನಾನು ಬರೆದದ್ದನ್ನೆಲ್ಲ ಫೋನಿನಲ್ಲಿ ಓದುತ್ತಾಳೆ, ಅವಳ ಕಣ್ಣೆದುರು ಅದನ್ನು ಇಡುವ ಮನಸ್ಸಿಲ್ಲ. ಹಳೆಯ ಹೆಸರು ಅಂದುಕೊಳ್ಳಿ. ಕೊನೆಯಲ್ಲಿ ‘ವ್ವ’ ಬರುವಂಥದ್ದು. ಊರ ಅಂಚಿನ ಗುಡಿಯ ದೇವಿಯದು. ಈಗ ಆ ಹೆಸರನ್ನು ಮಗುವಿಗೆ ಇಡುತ್ತೇವೆ ಅಂದರೆ ಕಾಲೇಜಿನ ಹುಡುಗಿಯರು ಬಾಯಿಗೆ ದುಪಟ್ಟಾ ಹಿಡಿದು ನಗುವಂಥದ್ದು.

ಅವ್ವ ಹೋದಾಗ ತಮ್ಮನ ಹೆಂಡತಿ ಬಸುರಿ. ಅವ್ವನ ದಿನದ ಊಟ ಮುಗಿದು, ಬಂದವರೆಲ್ಲ ಎದ್ದು ಹೋಗಿ, ನಮ್ಮೂರು ಮಳಗಿಯ ಮನೆಯ ಪಡಸಾಲೆಯಲ್ಲಿ ನಾವು ನಾವೇ ಉಳಿದಾಗ ಅಪ್ಪ ಬಾಯಿ ಬಿಟ್ಟ.

“ಹೆಣ್ಣ ಹುಟ್ಟಿದ್ರ ಅಕಿ ಹೆಸರ ಇಡ್ರಿ.”

ತಮ್ಮ ತನ್ನ ಹೆಂಡತಿಯ ಮುಖ ನೋಡಿದ, ಅವಳು ಎಲೆ ಬಳಿಯುತ್ತಿದ್ದಳು, ತಲೆಯೆತ್ತಲಿಲ್ಲ.

“ನಾ ಐವತ್ತ ವರ್ಷ ಅಕಿನ್ನ ಹೆಸರ ಹಿಡದ ಕರೀಲಿಲ್ಲ,” ಅಂದ ಅಪ್ಪ. “ಆ ನರ್ಸಮ್ಮ ಕರದಂಗ ಒಬ್ಬರೂ ಕರೀಲಿಲ್ಲ. ಈ ಮನ್ಯಾಗ ಅಕಿ ಹೆಸರ ಕೇಳಬೇಕು. ನಾ ಇರೂದ್ರಾಗ ಕೇಳಬೇಕು.”

ನಮ್ಮಪ್ಪ ಬಾಯಿ ಬಿಟ್ಟು ಏನನ್ನೂ ಕೇಳಿದ ಮನುಷ್ಯನಲ್ಲ. ಸೊಪ್ಪಿನ ಪಲ್ಯ ಇನ್ನೊಂದು ಚೂರು ಬೇಕಾದರೂ ತಾಟನ್ನು ಸ್ವಲ್ಪ ಮುಂದೆ ಸರಿಸುತ್ತಾನೆ ಅಷ್ಟೆ. ಅಂಥವನು ಕೇಳಿದ ಮೇಲೆ ತಮ್ಮ, “ಆತು ಬಿಡಪ್ಪಾ” ಅಂದುಬಿಟ್ಟ. ನಾನೂ ತಲೆಯಾಡಿಸಿದೆ. ಅವ್ವ ಸತ್ತ ಬಿಸಿಯಲ್ಲಿ ಅದು ನಮಗೆ ಭಾಳ ಚೊಲೋ ವಿಚಾರ ಅನ್ನಿಸಿತ್ತು.

ಹೆಣ್ಣೇ ಹುಟ್ಟಿತು. ಚೊಚ್ಚಲ ಹೆರಿಗೆ, ಹಾಗಾಗಿ ತವರುಮನೆ ಹಳಿಯಾಳದಲ್ಲಿ. ತೊಟ್ಟಿಲಿಗೆ ಹಾಕುವ ಶಾಸ್ತ್ರವೂ ಅಲ್ಲೇ. ನಮ್ಮಲ್ಲಿ ಹೆಸರಿಡುವ ಹಕ್ಕು ಮಗುವಿನ ಸೋದರತ್ತೆಯದು, ಅಂದರೆ ನನ್ನದು. ನಾನಿರುವ ದಾಂಡೇಲಿಯ ಅಂಬೇವಾಡಿಯಿಂದ ಹಳಿಯಾಳ ದೂರವೇನಲ್ಲ. ಗಂಡನಿಗೆ ಕ್ಯಾಸಲ್‌ರಾಕಿನಲ್ಲಿ ರೈಲ್ವೆ ಡ್ಯೂಟಿ, ರಜೆ ಸಿಗಲಿಲ್ಲ. ಒಬ್ಬಳೇ ಮಗುವಿನ ಕುಂಚಿಗೆ ಹೊಲಿಸಿಕೊಂಡು ಬಸ್ಸು ಹತ್ತಿದೆ.

ಬೀಗರದು ಪೇಟೆಯಲ್ಲಿ ಕಿರಾಣಿ ಅಂಗಡಿ, ಹಿಂದೆ ಮನೆ. ಹೋಗುವಷ್ಟರಲ್ಲಿ ತೊಟ್ಟಿಲಿಗೆ ಪ್ಲಾಸ್ಟಿಕ್ ಹೂವು ಸುತ್ತಿ, ಗೋಡೆಗೆ ಬಲೂನು ಅಂಟಿಸಿ, ನಡುವೆ ಥರ್ಮಾಕೋಲಿನ ದೊಡ್ಡ ಬೋರ್ಡು ನಿಲ್ಲಿಸಿದ್ದರು. ಅದರ ಮೇಲೆ ಹೆಸರು ಅಂಟಿಸಿ ಪರದೆ ಹಾಕುವುದು, ಆಮೇಲೆ ಎಳೆಯುವುದು, ಫೋಟೋ ತೆಗೆಯುವುದು ಈಗಿನ ಪದ್ಧತಿ. ಬಾಣಂತಿಯ ತಂಗಿ ಮಿಂಚಿನ ಕಾಗದದ ಅಕ್ಷರ ಕತ್ತರಿಸುತ್ತ ಕುಳಿತಿದ್ದಳು.

“ಅಕ್ಕಾರ, ನೀವು ಇಡೂ ಹೆಸರಿಗೆ ಬೋರ್ಡ ಸಾಲಂಗಿಲ್ರಿ,” ಅಂದಳು ನನ್ನನ್ನು ನೋಡಿದವಳೇ. “ಇನ್ನೊಂದ ಹಾಳಿ ಜೋಡಸ್ಬೇಕ ನೋಡ್ರಿ.”

“ಹಂಗಾದ್ರ ಗ್ವಾಡಿ ಮ್ಯಾಲ ಬರೀ ನಮ್ಮವ್ವಾ,” ಅಂದೆ.

“ಗ್ವಾಡೀನೂ ಸಾಲೂದಿಲ್ರಿ,” ಅಂದಳು ಬೀಗತಿ ಒಳಗಿಂದ. ಬೀಗತಿ ಅಂದರೆ ತಮ್ಮನ ಅತ್ತೆ. ನಗುತ್ತಲೇ ಅಂದಳು, ಆದರೆ ನಗು ಗಂಟಲಿನಿಂದ ಕೆಳಗೆ ಇಳಿದಿರಲಿಲ್ಲ. “ನಮ್ಮ ಹುಡುಗಿ ಎರಡಕ್ಷರದ್ದ ಆರಿಸಿ ಇಟ್ಟಿದ್ಲರಿ ಪಾಪ. ಹೊಟ್ಯಾಗ ಇದ್ದಾಗಿಂದ ಅದನ್ನ ಕರ್ಯಾಕತ್ತಿದ್ಲು. ಇರ್ಲಿ ಬಿಡ್ರಿ, ಬೀಗರ ಮನಸು ದೊಡ್ಡದು.”

ಬಾಣಂತಿ ಒಳಕೋಣೆಯಲ್ಲಿದ್ದಳು. ಕಿವಿಗೆ ಸ್ಕಾರ್ಫು ಬಿಗಿದುಕೊಂಡು, ಮಗುವನ್ನು ಮಗ್ಗುಲಲ್ಲಿ ಹಾಕಿಕೊಂಡು ಕುಳಿತಿದ್ದಳು. ಅಗ್ಗಿಷ್ಟಿಗೆಯ ಹೊಗೆಗೆ ಅವಳ ಕಣ್ಣು ಕೆಂಪಾಗಿದ್ದವೋ ಬೇರೆ ಕಾರಣಕ್ಕೋ ನಾನು ಕೇಳಲಿಲ್ಲ. ಬಾಗಿಲು ಅರ್ಧ ಮುಚ್ಚಿಸಿ ಅಂದಳು:

“ಅಕ್ಕಾರ, ಒಂದ ಮಾತ ಕೇಳ್ಲಿ? ಬೈಬ್ಯಾಡ್ರಿ.”

“ಕೇಳವಾ.”

“ನಾ ಹೆಂಗ ಕರೀಲಿ ಇಕಿನ್ನ?”

ನನಗೆ ಅದು ಹೊಳೆದೇ ಇರಲಿಲ್ಲ. ಸೊಸೆಯಾದವಳು ಅತ್ತೆಯ ಹೆಸರನ್ನು ನಾಲಿಗೆಗೆ ತರುವುದಿಲ್ಲ. ಗಂಡನ ಹೆಸರಿಗಾದರೂ ಒಂದು ದಾರಿ ಇದೆ. ಮದುವೆ ಮುಂಜಿಗಳಲ್ಲಿ ಹೆಂಗಸರು ಸುತ್ತುಗಟ್ಟಿ ಕಾಡಿದರೆ ಒಡಪು ಕಟ್ಟಿ ಅದರೊಳಗೆ ಸೇರಿಸಿ ಹೇಳಿ ಓಡಿಹೋಗಬಹುದು. ಅತ್ತೆಯ ಹೆಸರಿಗೆ ಅದೂ ಇಲ್ಲ. ಹೇಳಬಾರದು, ಅಷ್ಟೆ. ಈಗಿನ ಹುಡುಗಿಯರು ಗಂಡನನ್ನು ಏಕವಚನದಲ್ಲಿ ಕರೆಯುತ್ತಾರೆ, ಸ್ಕೂಟಿ ಓಡಿಸುತ್ತಾರೆ, ಇವಳು ಡಿಗ್ರಿ ಬೇರೆ ಮುಗಿಸಿದ್ದಾಳೆ. ಆದರೂ ಈ ಒಂದು ವಿಷಯ ಅವರ ಮೈಯೊಳಗೆ ಹೇಗೋ ಸೇರಿಕೊಂಡುಬಿಟ್ಟಿದೆ.

“ಚಿನ್ನಿ ಅನ್ನು, ಪುಟ್ಟಿ ಅನ್ನು,” ಅಂದೆ. “ಕೂಸಿಗೆ ಹೆಸರಿಗೇನ ಬರಗಾಲ?”

“ಕೂಸ ಇದ್ದಾಗ ನಡೀತೈತ್ರಿ. ದೊಡ್ಡಾಕಿ ಆಗಿ ಓಣ್ಯಾಗ ಆಡಾಕ ಹೋದ್ಲು, ಊಟಕ್ಕ ಬಾ ಅಂತ ಒದರಬೇಕಂದ್ರ? ಸಿಟ್ಟಿಗೆ ಬಂದ ಎರಡ ಬೈಬೇಕಂದ್ರ? ಅತ್ತಿಯಾರ ಹೆಸರ ಹಿಡದ ಬೈಲೇನ್ರಿ?”

ನನಗೆ ನಗು ಬಂತು. ನಮ್ಮವ್ವ ದೇವತೆಯೇನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಈ ಹುಡುಗಿ ಮಾಡಿದ ಚಹಾವನ್ನು ಒಂದು ದಿನವೂ ಚೊಲೋ ಆಗಿದೆ ಅಂದವಳಲ್ಲ. ಸಕ್ಕರೆ ಕಡಿಮೆ, ಇಲ್ಲ ಹೆಚ್ಚು. “ಬೈದು ಬಿಡು, ಹಳೇದೆಲ್ಲ ಮುಟ್ಟಿಸಿದಂಗ ಆಕ್ಕೈತಿ,” ಅಂದೆ. ಅವಳು ನಗಲಿಲ್ಲ. ಮಗುವಿನ ಟೋಪಿಯ ದಾರ ಬಿಚ್ಚಿ ಮತ್ತೆ ಕಟ್ಟಿದಳು.

“ನಾ ತಾಯಿ ಅದೀನ್ರಿ,” ಅಂದಳು. “ನನ್ನ ಮಗಳ ಹೆಸರ ನನ್ನ ಬಾಯಾಗ ಇರೂದಿಲ್ಲಂದ್ರ ಹೆಂಗ?”

ಅಷ್ಟರಲ್ಲಿ ಹೊರಗಿಂದ ಕರೆದರು. ಶಾಸ್ತ್ರ ಮಾಡಿಸುವ ಅಯ್ಯನವರು ಬಂದಿದ್ದರು. ನಾನು ಸೆರಗು ಸಿಕ್ಕಿಸಿಕೊಂಡು ಎದ್ದೆ.

ಶಾಸ್ತ್ರ ನಡೆಯಿತು. ತೊಟ್ಟಿಲಿಗೆ ಬಗ್ಗಿ ಮಗುವಿನ ಕಿವಿಯಲ್ಲಿ ‘ಕುರ್ರ್’ ಅಂದೆ. ಸುತ್ತ ನಿಂತ ಹೆಂಗಸರು ಇದಕ್ಕೇ ಕಾದಿರುತ್ತಾರೆ. ಹೆಸರಿಡುವವಳ ಬೆನ್ನಿಗೆ ಗುದ್ದುವುದೂ ಶಾಸ್ತ್ರವೇ. ಬೀಗರ ಕಡೆಯವರು ಅವತ್ತು ಸ್ವಲ್ಪ ಜೋರಾಗಿಯೇ ಗುದ್ದಿದರು, ಮೂರು ದಿನ ಬೆನ್ನು ನೋಯುತ್ತಿತ್ತು. ಆ ಗುದ್ದು, ನಗು, ಗದ್ದಲದ ನಡುವೆ ಅವ್ವನ ಹೆಸರನ್ನು ಆ ಸಣ್ಣ ಕಿವಿಯಲ್ಲಿ ಹೇಳಿದೆ. ನನ್ನ ಬಾಯಿಂದ ಅದು ಬಂದದ್ದು ಅದೇ ಮೊದಲು. ನಾಲಿಗೆ ಒಮ್ಮೆ ತಡವರಿಸಿತು.

ಗುಗ್ಗರಿ ಹಂಚುವಾಗ ಹೊರಗೆ ಗಂಡಸರ ಸಾಲಿನಲ್ಲಿ ಕುಳಿತ ಅಪ್ಪ ಕೈಮಾಡಿ ಕರೆದ.

“ಹೇಳಿದೇನು?”

“ಹೇಳಿದೆ.”

“ನನಗ ಕೇಳಸಲಿಲ್ಲಲ್ಲ.”

“ಕಿವ್ಯಾಗ ಹೇಳೂದಪ್ಪಾ ಅದು. ಆಮ್ಯಾಲ ಎಲ್ಲಾರಿಗೂ ಹೇಳಿದ್ವಿ, ನೀ ಹೊರಗಿದ್ದಿ.”

“ಹಾಂ,” ಅಂದ. ಗುಗ್ಗರಿಯ ಕಾಳು ಒಂದೊಂದೇ ಬಾಯಿಗೆ ಹಾಕಿಕೊಳ್ಳುತ್ತ, “ಇರ್ಲಿ, ಮನೀಗೆ ಬಂದಮ್ಯಾಲ ದಿನಾ ಕೇಳೂದ ಐತಲ್ಲ,” ಅಂದ.

ಬಾಣಂತನ ಮುಗಿದು ಮಗು ಮಳಗಿಗೆ ಬಂತು. ನಾನು ತಿಂಗಳಿಗೊಮ್ಮೆ, ಎರಡು ತಿಂಗಳಿಗೊಮ್ಮೆ ಯಲ್ಲಾಪುರದ ಮೇಲಿಂದ ಬಸ್ಸು ಬದಲಿಸಿ ಹೋಗಿಬರುತ್ತಿದ್ದೆ. ಉಳಿದ ದಿನ ವಿಡಿಯೋ ಕಾಲ್. ಮನೆಯಲ್ಲಿ ಏನು ನಡೆಯುತ್ತಿದೆ ಅಂತ ನೋಡಲು ನನಗೆ ಬಹಳ ದಿನ ಬೇಕಾಯಿತು, ಯಾಕೆಂದರೆ ಏನೂ ನಡೆಯುತ್ತಿರಲಿಲ್ಲ.

ತಾಯಿ ಅವಳನ್ನು ಚಿನ್ನಿ ಅಂದಳು. ಅದು ನಿರೀಕ್ಷೆ ಇದ್ದದ್ದೇ. ತಮ್ಮ? ಹೆತ್ತ ತಾಯಿಯ ಹೆಸರು ಹಿಡಿದು ‘ಬಾರ ಇಲ್ಲಿ’ ಅನ್ನಲು ಅವನಿಗೆ ಬಾಯಿ ತಿರುಗಲಿಲ್ಲ. ಅವ್ವಿ ಅಂದ. ನಾನೂ ಅವ್ವಿ ಅಂದೆ. ಬಣ್ಣದ ಮಾತು ಬೇಡ, ನನಗೂ ಆಗಲಿಲ್ಲ. ಮೂಗಿನಲ್ಲಿ ಸಿಂಬಳ ಸುರಿಸಿಕೊಂಡು ನೆಲದಲ್ಲಿ ತೆವಳುವ ಕೂಸಿಗೆ ನಮ್ಮವ್ವನ ಹೆಸರು ಹೇಗೆ ಹಚ್ಚುವುದು? ಓಣಿಯ ಮುದುಕಿಯರು ‘ಸಣ್ಣ ಯಜಮಾನತಿ’ ಅಂದರು. ಅವ್ವನದೇ ಹೆಸರಿನ ಇನ್ನೊಬ್ಬ ಹೆಂಗಸು ಹಿಂದಿನ ಓಣಿಯಲ್ಲಿದ್ದಾಳೆ, ಅವಳ ಹೆಸರನ್ನೂ ತಮ್ಮನ ಹೆಂಡತಿ ಹೇಳುವುದಿಲ್ಲ, ‘ಅತ್ತಿ ಹೆಸರಿನಾಕಿ’ ಅನ್ನುತ್ತಾಳೆ. ಹಾಗಿರುವಾಗ ಮಗಳ ಪಾಡೇನು.

ಮತ್ತೆ ಅಪ್ಪ? ಅಪ್ಪ ಅವಳನ್ನು ‘ಏ ಕೂಸ’ ಅಂತಲೇ ಕರೆಯುತ್ತಿದ್ದ. ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಗಂಟೆಗಟ್ಟಲೆ ಎಮ್ಮೆ ತೋರಿಸುತ್ತಿದ್ದ, ಗೋವಿನಜೋಳದ ತೆನೆ ಸುಲಿದು ಕೊಡುತ್ತಿದ್ದ. ಹೆಸರು ಮಾತ್ರ ಇಲ್ಲ. ಆದರೆ ಬೇರೆಯವರು ಕರೆಯುತ್ತಿಲ್ಲ ಅನ್ನುವುದು ಅವನಿಗೆ ಕಾಣುತ್ತಿತ್ತು. ಒಮ್ಮೆ ಊಟಕ್ಕೆ ಕುಳಿತಾಗ ತಾಟು ಸರಿಸಿ ಅಂದ, “ಎಲ್ಲಾರೂ ಸೇರಿ ಅಕಿ ಹೆಸರ ನುಂಗಿ ಕುಂತೀರಿ ನೋಡ್ರಿ.”

ತಮ್ಮ, “ಕರೀತೀವಪ್ಪಾ, ದೊಡ್ಡಾಕಿ ಆಗಲಿ,” ಅಂದ. ಹೆಂಡತಿ ಸಾರು ಬಡಿಸಿ ಒಳಗೆ ಹೋದಳು.

ಅಂಬೇವಾಡಿಯಲ್ಲಿ ನಮ್ಮ ಬಾಜೂ ಮನೆಯವಳು ಮೆಕ್ಯಾನಿಕನ ಹೆಂಡತಿ. ಅವರ ಮನೆಯಲ್ಲೂ ಅತ್ತೆಯ ಹೆಸರಿನ ಮಗಳಿದ್ದಾಳೆ. ಬಟ್ಟೆ ಒಣಹಾಕುತ್ತ ನಾನು ಇದನ್ನೆಲ್ಲ ಹೇಳಿದರೆ ಅವಳು ಹೊಟ್ಟೆ ಹಿಡಿದು ನಕ್ಕಳು. “ನಮ್ಕಡಿ ಹಂಗೇನಿಲ್ಲ ಅಕ್ಕಾ. ನಾ ದಿನಾ ಅತ್ತಿ ಹೆಸರ ತಗೊಂಡ ಮಗಳಿಗೆ ಬೈತೇನಿ. ಅತ್ತಿ ಅಲ್ಲೇ ಕುಂತ ಕೇಳ್ತಾಳ. ಒಂದ ಕಲ್ಲಿಗೆ ಎರಡ.” ಆಮೇಲೆ ನಗು ನಿಲ್ಲಿಸಿ, “ಆದ್ರ ಪಾಪ ಅಲ್ಲಾ, ಹೆಸರ ಇಟ್ಟು ಕರೀದಿದ್ರ ಅದು ಕೂಸಿಂದ ಹೆಂಗ ಆಗ್ತೈತಿ?” ಅಂದಳು. ನಾನು ಅದನ್ನು ತಲೆಗೆ ಹಾಕಿಕೊಳ್ಳಲಿಲ್ಲ. ಹಗ್ಗದ ಬಟ್ಟೆಗೆ ಚಿಮಟಿಗೆ ಹಾಕಿ ಒಳಗೆ ಬಂದೆ.

ಮಗು ನಡೆಯಲು ಕಲಿಯಿತು. ಮಾತು ಮಾತ್ರ ತಡ. ಒಂದೆರಡು ಶಬ್ದ, ಉಳಿದದ್ದು ಕೈಸನ್ನೆ. ಆಡುವ ಮಕ್ಕಳ ಜೊತೆ ಸೇರಿದರೆ ಮಾತು ಬರುತ್ತದೆ ಅಂತ ಊರ ಅಂಗನವಾಡಿಗೆ ಕಳಿಸತೊಡಗಿದರು. ಸ್ವಲ್ಪ ದಿನಕ್ಕೆ ಅಲ್ಲಿಯ ಟೀಚರು ತಮ್ಮನನ್ನು ಕರೆಸಿದಳು.

“ಸಿಟ್ಟಾಗಬ್ಯಾಡ್ರಿ,” ಅಂದಳಂತೆ. “ನಿಮ್ಮ ಹುಡುಗಿ ಹೆಸರ ಕರದ್ರ ತಿರಗಿ ನೋಡೂದಿಲ್ಲ. ಮಗ್ಗಲದಾಗ ನಿಂತ ಕರದ್ರೂ ಇಲ್ಲ. ಮಾತೂ ಇಲ್ಲ. ಒಮ್ಮೆ ದೊಡ್ಡ ಡಾಕ್ಟರಿಗೆ ತೋರಸ್ರಿ.”

ತಮ್ಮ ಮನೆಗೆ ಬಂದವನೇ ಫೋನು ತೆಗೆದು ಹುಡುಕಿದ್ದಾನೆ. ಹೆಸರು ಕರೆದರೆ ತಿರುಗದ ಮಕ್ಕಳ ಬಗ್ಗೆ ವಿಡಿಯೋಗಳಿಗೇನು ಕೊರತೆ. ಒಂದಾದ ಮೇಲೊಂದು ನೋಡಿ, ಹೆಂಡತಿಗೂ ತೋರಿಸಿ, ಇಬ್ಬರೂ ಕೂಡಿ ನನಗೆ ಫೋನು ಮಾಡಿದರು. ಅವಳು ಬಿಕ್ಕುತ್ತಿದ್ದಳು.

“ಅಕ್ಕಾರ, ನಮ್ಮ ಚಿನ್ನಿ ತಲ್ಯಾಗ ಏನೋ ಐತಂತ್ರಿ. ಜೀವನಾ ಪೂರ್ತಿ ಹಂಗ ಇರ್ತಾವಂತ ಅಂಥಾ ಹುಡುಗ್ರು.”

ಈಗ ಇದನ್ನು ಓದುತ್ತಿರುವ ನಿಮಗೆ ಆಗಲೇ ಹೊಳೆದಿರುತ್ತದೆ. ನಮಗೆ ಯಾರಿಗೂ ಹೊಳೆಯಲಿಲ್ಲ. ಮನೆಯಲ್ಲಿ ಒಂದು ಕೂಸಿಗೆ ಕಾಯಿಲೆ ಅಂದಾಗ ತಲೆ ಓಡುವುದಿಲ್ಲ. ಅಷ್ಟು ದಿನ ಎಲ್ಲರೂ ಏನೆಂದು ಕರೆಯುತ್ತಿದ್ದೆವು ಅನ್ನುವುದನ್ನು ಒಬ್ಬರೂ ನೆನೆಯಲಿಲ್ಲ. ಅಪ್ಪ ಎರಡು ದಿನ ಸರಿಯಾಗಿ ಉಣ್ಣಲಿಲ್ಲವಂತೆ. “ಅಕಿ ಹೆಸರ ಇಟ್ಟಿದ್ದಕ್ಕ ಹಿಂಗಾತೇನು” ಅಂತ ತಮ್ಮನನ್ನು ಕೇಳಿದನಂತೆ.

ಮುಂಡಗೋಡಿಗೆ ಹೊರಗಿನಿಂದ ಒಬ್ಬ ಮಕ್ಕಳ ಡಾಕ್ಟರು ಬಂದು ನೋಡುತ್ತಾನೆ ಅಂತ ಗೊತ್ತಾಯಿತು. ನಾನೂ ಹಿಂದಿನ ದಿನವೇ ಮಳಗಿಗೆ ಹೋದೆ. ಬೆಳಿಗ್ಗೆ ನಾವು ನಾಲ್ಕೂ ಜನ, ಮಗು ಬೇರೆ, ಜೀಪು ಮಾಡಿಕೊಂಡು ಹೋದೆವು. ದಾರಿಯುದ್ದಕ್ಕೂ ಮಗು ಕಿಟಕಿಯಿಂದ ಹೊರಗೆ ಕೈಮಾಡಿ ಎಮ್ಮೆ ಕಂಡಲ್ಲೆಲ್ಲ ‘ಅಂಬಾ’ ಅನ್ನುತ್ತಿತ್ತು. ಅದನ್ನು ನೋಡಿ ಅವಳ ತಾಯಿಗೆ ಮತ್ತಷ್ಟು ಅಳು.

ಡಾಕ್ಟರು ಇನ್ನೂ ಹುಡುಗ. ಮಗುವಿನ ಕಿವಿಯಲ್ಲಿ ದೀಪ ಹಾಕಿ ನೋಡಿದ, ಕೈಗೆ ಪ್ಲಾಸ್ಟಿಕ್ ಡಬ್ಬಿ ಕೊಟ್ಟು ಆಡಲು ಬಿಟ್ಟ. ಆಮೇಲೆ ತಾಯಿಗೆ ಹೇಳಿದ:

“ನೀವು ಹಿಂದೆ ಆ ಬಾಗಿಲ ಹತ್ತಿರ ನಿಲ್ಲಿ. ಮುಖ ಕಾಣಿಸಬಾರದು. ಅಲ್ಲಿಂದ ಹೆಸರು ಕರೀರಿ.”

ಅವಳು ಹೋಗಿ ನಿಂತಳು. ಬಾಯಿ ತೆರೆದಳು. ಬಾಗಿಲ ಪಕ್ಕದ ಬೆಂಚಿನ ಮೇಲೆ ಅಪ್ಪ ಕುಳಿತಿದ್ದ, ರುಮಾಲು ತೊಡೆಯ ಮೇಲಿತ್ತು.

“ಕರೀರಿ ಅಮ್ಮಾ.”

ಸದ್ದು ಬರಲಿಲ್ಲ. ಮಾವನ ಕಡೆ ನೋಡಿದಳು, ಮಾವ ನೆಲ ನೋಡುತ್ತಿದ್ದ. ತಮ್ಮ, “ಕರೀ ನೀ,” ಅಂದ ಮೆಲ್ಲಗೆ. ಅವಳು ತಲೆ ಅಲ್ಲಾಡಿಸಿದಳು.

ಡಾಕ್ಟರು ಚೀಟಿ ನೋಡಿ ತಾನೇ ಕರೆದ. ಅವ್ವನ ಹೆಸರು, ಎರಡು ಸಲ, ಚೆನ್ನಾಗಿ ಬಿಡಿಸಿ. ಮಗು ಡಬ್ಬಿಯ ಮುಚ್ಚಳ ತಿರುವುತ್ತಲೇ ಇತ್ತು.

“ಮನೇಲಿ ಇದೇ ಹೆಸರು ಕರೀತೀರಾ?” ಅಂತ ಕೇಳಿದ ಅವನು.

ಬಾಗಿಲ ಹತ್ತಿರದಿಂದ ತಮ್ಮನ ಹೆಂಡತಿ, ಉಸಿರಿನಷ್ಟು ಸಣ್ಣ ದನಿಯಲ್ಲಿ, “ಚಿನ್ನೀ,” ಅಂದಳು.

ಮಗು ಡಬ್ಬಿ ಬಿಟ್ಟು ತಿರುಗಿ ನೋಡಿ ನಕ್ಕಿತು.

ಡಾಕ್ಟರು ಪೆನ್ನು ಕೆಳಗಿಟ್ಟ. ನಾನು ಎರಡು ಮಾತಿನಲ್ಲಿ ವಿಷಯ ಹೇಳಿದೆ. ಅವನು ನಗುತ್ತಾನೆ ಅಂದುಕೊಂಡಿದ್ದೆ, ನಗಲಿಲ್ಲ. “ಕಿವಿ ಚೆನ್ನಾಗಿದೆ. ಮಾತು ಸ್ವಲ್ಪ ತಡ ಅಷ್ಟೇ, ಬರುತ್ತೆ. ಆದರೆ ಈ ಮಗುವಿಗೆ ತನ್ನ ಹೆಸರೇ ಗೊತ್ತಿಲ್ಲ,” ಅಂದ. “ಅಂಗನವಾಡಿಯವರು ಬೇರೆ ಯಾರನ್ನೋ ಕರೀತಿದ್ದಾರೆ ಅಂದುಕೊಂಡಿದೆ ಪಾಪ.”

ಜೀಪಿನಲ್ಲಿ ಬರುವಾಗ ಸಂತೋಷ ಆಗಬೇಕಿತ್ತು. ತಮ್ಮ ಒಂದೆರಡು ಸಲ ನಗಲು ನೋಡಿದ. ಅಪ್ಪ ಮುಂದಿನ ಸೀಟಿನಲ್ಲಿ ಕುಳಿತು ರಸ್ತೆ ನೋಡುತ್ತಿದ್ದ, ಅವನ ಕತ್ತಿನ ಹಿಂಭಾಗ ಮಾತ್ರ ನನಗೆ ಕಾಣುತ್ತಿತ್ತು. ಒಂದು ಮಗುವಿಗೆ ಹೆಸರಿಟ್ಟು, ಸರಕಾರಿ ಕಾಗದದಲ್ಲಿ ಬರೆಸಿ, ಅದನ್ನು ಅವಳಿಂದಲೇ ಮುಚ್ಚಿಟ್ಟಿದ್ದೆವು. ಇಂಥ ಹುಚ್ಚು ಕೆಲಸ ನಮ್ಮಂಥವರು ಮಾತ್ರ ಮಾಡುತ್ತಾರೆ.

ಮನೆ ಮುಟ್ಟಿ ಚಹಾ ಆದ ಮೇಲೆ ಅಪ್ಪ ಸೊಸೆಯನ್ನು ಕರೆದ. ಅವಳು ಬಂದು ಕಂಬದ ಹತ್ತಿರ ನಿಂತಳು.

“ನಾಳಿಂದ ನೀ ಅಕಿನ್ನ ಹೆಸರ ಹಿಡದ ಕರೀ. ನಾ ಹೇಳೇನಿ. ಏನೂ ಪಾಪ ಹತ್ತೂದಿಲ್ಲ.”

“ಆಗಂಗಿಲ್ರಿ ಮಾವಾರ.”

“ಯಾಕ? ಅಕಿ ಮ್ಯಾಲ ಸಿಟ್ಟ ಐತೇನ ಇನ್ನೂ?”

“ಸಿಟ್ಟಲ್ರಿ.” ಕಂಬಕ್ಕೆ ಒರಗಿದಳು. “ಅತ್ತಿಯಾರು ನನ್ನ ಕೂಡ ಹೆಂಗಿದ್ರು, ನಿಮಗೂ ಗೊತ್ತೈತಿ. ಆದ್ರೂ ಸಿಟ್ಟಲ್ರಿ. ಒಬ್ಬಾಕಿನ ಇದ್ದಾಗ ಕೋಣ್ಯಾಗ ಬಾಗಲ ಹಾಕ್ಕೊಂಡು ನೋಡೇನ್ರಿ ನಾನೂ. ಬಾಯಿತನಕ ಬರ್ತೈತಿ, ಮುಂದ ಬರಂಗಿಲ್ಲ. ಬಂದ್ರೂ ನನ್ನ ಮಗಳ ಮುಖ ಕಾಣಂಗಿಲ್ರಿ ಅದ್ರಾಗ.”

“ಪ್ರಯತ್ನ ಮಾಡವಾ.”

“ನೀವರ ಕರೀರಲ್ಲ ಮಾವಾರ,” ಅಂದಳು ಅವಳು. ದನಿ ಏರಿಸಲಿಲ್ಲ. “ನೀವು ಗಂಡಸ್ರು, ದೊಡ್ಡವರು, ನಿಮಗ್ಯಾರ ಬ್ಯಾಡಂದಾರು? ಮೂರ ವರ್ಷ ಆತು. ನೀವೂ ಒಮ್ಮೆನೂ ಕರದಿಲ್ಲ.”

ತಮ್ಮ, “ಏ, ಸಾಕ,” ಅಂದ. ಅವಳು ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ಅಪ್ಪ ಚಹಾದ ಖಾಲಿ ಬಸಿಯನ್ನು ಕೈಯಲ್ಲಿ ಹಿಡಿದು ಹಾಗೇ ಕುಳಿತಿದ್ದ. ನಾನು ತೆಗೆದುಕೊಳ್ಳಲು ಹೋದರೆ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ನಾನು ದಾಂಡೇಲಿಗೆ ಹೊರಡಬೇಕಿತ್ತು. ಅಂಗಳದಲ್ಲಿ ಮಗು ಗೋವಿನಜೋಳದ ದಂಟಿನಿಂದ ಮಣ್ಣು ಕೆದರುತ್ತ ಕುಳಿತಿತ್ತು. ಅಪ್ಪ ಕಟ್ಟೆಯ ಮೇಲಿದ್ದ. ನಾನು ಬಾಗಿಲೊಳಗೆ ಚೀಲಕ್ಕೆ ಬಟ್ಟೆ ತುಂಬುತ್ತಿದ್ದೆ, ನಾನಿರುವುದು ಅವನಿಗೆ ಗೊತ್ತಿರಲಿಲ್ಲ ಅನ್ನಿಸುತ್ತದೆ.

ಅಪ್ಪ ಕರೆದ.

ಮೊದಲು ಕೆಮ್ಮಿದ, ಆಮೇಲೆ ಕರೆದ. ಸಣ್ಣ ದನಿ. ಬೇರೆಯವರ ಮನೆಯ ಬಾಗಿಲಲ್ಲಿ ನಿಂತು ಕರೆಯುವವರ ಹಾಗೆ. ನನ್ನ ಕೈ ಅಲ್ಲೇ ನಿಂತಿತು. ಎಷ್ಟೋ ವರ್ಷ ಅದೇ ಮನೆಯಲ್ಲಿ ಬೆಳೆದ ನಾನು ಅವತ್ತೇ ಮೊದಲ ಸಲ ಅಪ್ಪನ ಬಾಯಿಂದ ಅವ್ವನ ಹೆಸರು ಕೇಳಿದೆ. ಅವಳು ಇದ್ದಿದ್ದರೆ ಏನು ಮಾಡುತ್ತಿದ್ದಳೋ. ಬಹುಶಃ ಏನಾಯಿತು ಇವರಿಗೆ ಅಂತ ಗಾಬರಿಯಿಂದ ಓಡಿಬರುತ್ತಿದ್ದಳು.

ಮಗು ತಿರುಗಲಿಲ್ಲ. ಮಣ್ಣು ಕೆದರುತ್ತಿತ್ತು.

ಅಪ್ಪ ಇನ್ನೊಮ್ಮೆ ಕರೆದ, ಈ ಸಲ ಸ್ವಲ್ಪ ಗಟ್ಟಿ. ಕಡೆಯ ಅಕ್ಷರದಲ್ಲಿ ದನಿ ಒಡೆಯಿತು. ಮಗುವಿಗೆ ಅದು ಗಾಳಿಯ ಸದ್ದೋ ಏನೋ. ಅಂಗಳದಲ್ಲಿ ಆ ಹೆಸರಿಗೆ ಓಗೊಡುವವರು ಯಾರೂ ಇರಲಿಲ್ಲ. ಅಪ್ಪ ಎರಡೂ ಅಂಗೈ ಮೊಣಕಾಲ ಮೇಲಿಟ್ಟು ತಲೆ ತಗ್ಗಿಸಿದ. ಅವನ ಬೆನ್ನು ಅಲುಗುವುದು ಕಂಡಿತು. ನಾನು ಹೊರಗೆ ಹೋಗಲಿಲ್ಲ. ಅತ್ತದ್ದನ್ನು ಯಾರಾದರೂ ನೋಡಿದರು ಅಂದರೆ ನಮ್ಮಪ್ಪ ಆಮೇಲೆ ಮುಖ ತೋರಿಸುವುದಿಲ್ಲ.

ತುಸು ಹೊತ್ತಿನ ಮೇಲೆ, “ಏ ಕೂಸ,” ಅಂದ. ಮಗು ದಂಟು ಬಿಸಾಕಿ ಓಡಿಬಂದು ಅವನ ಕಾಲಿಗೆ ತೆಕ್ಕೆ ಬಿದ್ದಿತು.

ನಾನು ಚೀಲ ಹಿಡಿದು ಹೊರಬಂದಾಗ ಅಪ್ಪನ ಮುಖ ಒಣಗಿತ್ತು. ತಮ್ಮನೂ ಹೊಲದಿಂದ ಬಂದಿದ್ದ. ಅಪ್ಪ ಯಾರ ಮುಖವನ್ನೂ ನೋಡದೆ ಹೇಳಿದ, “ಸಾಲಿಗೆ ಹಚ್ಚೂದ್ರಾಗ ಹೆಸರ ತಗಸ್ರಿ. ಅಕಿ ತಾಯಿ ಯಾವದ ಆರಿಸಿದ್ಲಲ್ಲ, ಅದನ್ನ ಬರಸ್ರಿ.”

“ಇರ್ಲಿ ಬಿಡಪ್ಪಾ,” ಅಂದ ತಮ್ಮ. “ಈಗೇನ ಅವಸರ.”

“ತಗಸ್ರಿ ಅಂದ್ನೆಲ್ಲ. ಹೋದಾಕಿ ಹೋದ್ಲು. ನಮ್ಮ ಕೈಲೆ ಆಗಲಿಲ್ಲ.”

ಈಗ ತಮ್ಮ ಜನನ ಪ್ರಮಾಣಪತ್ರ ತಿದ್ದಿಸಲು ಮುಂಡಗೋಡಿಗೆ ಓಡಾಡುತ್ತಿದ್ದಾನೆ. ಇವತ್ತು ಬಾ, ನಾಳೆ ಬಾ ನಡೆದಿದೆ. ಆಗುತ್ತದೆ. ಆದ ಮೇಲೆ ನಮ್ಮವ್ವನ ಹೆಸರು ನಮ್ಮೂರಲ್ಲಿ ಬದುಕಿರುವ ಯಾರ ಮೇಲೂ ಇರುವುದಿಲ್ಲ, ಹಿಂದಿನ ಓಣಿಯ ಆ ಹೆಂಗಸನ್ನು ಬಿಟ್ಟರೆ. ಅವಳಿಗೂ ವಯಸ್ಸಾಗಿದೆ.

ಮೊನ್ನೆ ಮಳಗಿಗೆ ಹೋಗಿದ್ದೆ. ಸಂಜೆ ಮಗು ಬೇಲಿಯ ಹತ್ತಿರ ಪಕ್ಕದ ಮನೆಯ ಕರುವಿನ ಜೊತೆ ಆಡುತ್ತಿತ್ತು. ತಮ್ಮನ ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು ಕೂಗಿದಳು, ತಾನು ಆರಿಸಿದ್ದ ಆ ಎರಡಕ್ಷರದ ಹೆಸರನ್ನು, ಪೂರ್ತಿ ಗಂಟಲು ಬಿಚ್ಚಿ. ಹೊಟ್ಟೆಯಲ್ಲಿದ್ದಾಗ ಕರೆದದ್ದು ಬಿಟ್ಟರೆ ಮತ್ತೆ ಬಾಯಿಗೆ ತರದಿದ್ದ ಹೆಸರು. ಅವಳಿಗೆ ಅದು ಎಷ್ಟು ದಿನದ ಹಸಿವು ಅನ್ನುವುದು ಆ ಕೂಗಿನಲ್ಲೇ ತಿಳಿಯುತ್ತಿತ್ತು.

ಮಗು ಅದಕ್ಕೂ ತಿರುಗಲಿಲ್ಲ. ಅದಕ್ಕಾದರೂ ಹೇಗೆ ಗೊತ್ತಾಗಬೇಕು.

ಅವಳ ಮುಖ ಸಣ್ಣದಾಯಿತು. “ಚಿನ್ನಿ” ಅನ್ನಲು ಬಾಯಿ ತೆರೆದವಳನ್ನು ಕಟ್ಟೆಯ ಮೇಲಿದ್ದ ಅಪ್ಪ ಕೈಯೆತ್ತಿ ತಡೆದ.

“ಅದನ್ನ ಕರೀ,” ಅಂದ. “ದಿನಾ ಕರೀತಿರು. ಕರದ್ರ ಕಲೀತಾಳ.”

ಅವಳು ಮತ್ತೆ ಕರೆದಳು. ಮತ್ತೆ ಕರೆದಳು. ಅಪ್ಪ ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಆ ಹೊಸ ಹೆಸರನ್ನು ಕೇಳುತ್ತ ಕುಳಿತಿದ್ದ.